ಎರಡು ಸಲ ಎಸ್ಕೇಪ್

ಟರ್ಮಿನಲ್‌ನಲ್ಲಿ ಉದ್ದದ ಕಮಾಂಡ್ ಬರೆದು ಎಂಟರ್ ಒತ್ತುತ್ತೇವೆ. ‘ಪರ್ಮಿಷನ್ ಡಿನೈಡ್’ ಎಂದು ಬರುತ್ತದೆ. ಮುಂದೆ, ಮೇಲಧಿಕಾರ ಕೇಳುವ ‘ಸುಡೊ’ ಪದ ಸೇರಿಸುವುದು ಬಿಟ್ಟುಹೋಗಿದೆ. ಪುಣೆಯ ಖರಾಡಿಯ ಇಯಾನ್ ಐಟಿ ಪಾರ್ಕಿನಲ್ಲಿ ಲಿನಕ್ಸ್ ನೆಚ್ಚಿ ದುಡಿಯುವ ನಮಗೆ ಇದು ನಿತ್ಯದ ಮಾತು. ಹಿಂದಿನ ಸಾಲನ್ನು ಕರೆದು, ಅದರ ತಲೆಗೆ ಹೋಗಿ, ಆ ಪದ ಬರೆದು ಮತ್ತೆ ಎಂಟರ್. ಪಕ್ಕದ ಕುರ್ಚಿಯ ಹುಬ್ಬಳ್ಳಿ ಹುಡುಗ ಇದನ್ನು ನೋಡಿ ಹೇಳಿದ್ದು ಇಷ್ಟೇ: “ಎಸ್ಕೇಪ್ ಎರಡ್ ಸಲ ಹೊಡೀರಿ ಸರ್.”

ಹೊಡೆದರೆ, ಸೋತು ಬಿದ್ದ ಸಾಲು ಸುಡೊ ತಲೆಯಲ್ಲಿಟ್ಟುಕೊಂಡು ಎದ್ದು ಬಂದಿತು!

ಝಡ್‌ಎಸ್‌ಎಚ್ ಶೆಲ್ಲಿಗಾಗಿ 2009ರಲ್ಲಿ ರಾಬಿ ರಸೆಲ್ ಆರಂಭಿಸಿದ ‘ಓ ಮೈ ಝಡ್‌ಎಸ್‌ಎಚ್’ ಬಳಗದ ಪುಟ್ಟ ಪ್ಲಗಿನ್ ಇದು. ನನ್ನನ್ನು ಸೆಳೆದದ್ದು ಅದರ ವೇಗಕ್ಕಿಂತ ಅದು ನಿಲ್ಲುವ ಜಾಗ. ಸುಡೊ ಬರೆದು ಎರಡು ಆಶ್ಚರ್ಯಸೂಚಕ ಹಾಕುವ ಹಳೆಯ ದಾರಿಯೂ ಉಂಟು. ಬ್ಯಾಷ್ ಶೆಲ್ಲಿನಲ್ಲಿ ಅದು ಸಾಮಾನ್ಯವಾಗಿ ಸಾಲನ್ನು ತೋರಿಸಿದ ಕ್ಷಣವೇ ಓಡಿಸಿಬಿಡುತ್ತದೆ. ಪ್ಲಗಿನ್ ಹಾಗಲ್ಲ. ಸಾಲನ್ನು ಸಿದ್ಧಪಡಿಸಿ, ನಮ್ಮ ಎಂಟರ್‌ಗಾಗಿ ಕಾಯುತ್ತದೆ. ರೂಟ್ ಎಂಬ ಸರ್ವಾಧಿಕಾರದಲ್ಲಿ ಅಳಿಸುವ ಕಮಾಂಡಿನ ನಡುವೆ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದಿದ್ದರೂ ಅನಾಹುತವೇ. ಕಣ್ಣು ಅದನ್ನು ಹಿಡಿಯುವುದಾದರೆ ಈ ಬಿಡುವಿನಲ್ಲೇ.

ಸುಡೊದ ಮೂಲ ಸ್ವಭಾವವೂ ಇದೇ. 1980ರ ಸುಮಾರಿಗೆ ಬಫಲೊ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಅದನ್ನು ಬರೆದರು. ಇಡೀ ದಿನ ರೂಟ್ ಆಗಿ ಕೂರುವ ಬದಲು, ಬೇಕಾದ ಒಂದು ಕಮಾಂಡಿಗಷ್ಟೇ ಆ ಅಧಿಕಾರವನ್ನು ಕೇಳಿ ಪಡೆಯುವುದು. ಮೊದಲ ಸಲ ಬಳಸುವವರಿಗೆ ಅದು ಹೇಳುವ ಕಿವಿಮಾತುಗಳಲ್ಲಿ ಒಂದು, ಟೈಪ್ ಮಾಡುವ ಮುನ್ನ ಯೋಚಿಸಿ ಎಂಬುದು. ಅದಕ್ಕೆ ಬೇಕಾದ ವ್ಯವಧಾನವನ್ನು ಈ ಪ್ಲಗಿನ್ ಒದಗಿಸಿಕೊಡುತ್ತದೆ.

ಬೇಡವೆನಿಸಿದರೆ ಮತ್ತೆ ಎರಡು ಎಸ್ಕೇಪ್. ಸುಡೊ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಹಿಸ್ಟರಿಯಲ್ಲಿ ಉಳಿಯದಿರಲೆಂದು ಕೆಲವರು ಕಮಾಂಡಿನ ಮುಂದೆ ಒಂದು ಸ್ಪೇಸ್ ಬಿಟ್ಟಿರುತ್ತಾರೆ. ಸುಡೊ ಬಂದರೂ ಆ ಸ್ಪೇಸ್ ಅಲ್ಲೇ ಇರುತ್ತದೆ. ಎಂಥ ನಾಜೂಕು! ಇನ್ನೂ ಸೊಗಸಾದದ್ದು ಎಡಿಟರಿನ ವಿಷಯ. ನಮ್ಮ ಡೀಫಾಲ್ಟ್ ಎಡಿಟರ್ ವಿಮ್ ಎಂದು ಹೇಳಿಟ್ಟಿದ್ದು, ವಿಮ್‌ನಲ್ಲಿ ಫೈಲ್ ತೆರೆಯುವ ಸಾಲಿದ್ದರೆ, ಪ್ಲಗಿನ್ ಅದರ ಮುಂದೆ ಸುಡೊ ಅಂಟಿಸುವುದಿಲ್ಲ. ವಿಮ್‌ನ ಜಾಗದಲ್ಲಿ ಸುಡೊದ್ದೇ ಎಡಿಟ್ ಕಮಾಂಡನ್ನು ಇಡುತ್ತದೆ. ಆಗ ಫೈಲಿನ ತಾತ್ಕಾಲಿಕ ಪ್ರತಿಯೊಂದು ನಮ್ಮ ಹೆಸರಿನಲ್ಲೇ ತೆರೆದುಕೊಳ್ಳುತ್ತದೆ, ತಿದ್ದಿ ಮುಗಿಸಿದ ಮೇಲೆ ಮೂಲಕ್ಕೆ ಸೇರುತ್ತದೆ. ವಿಮ್ ಕೈಗೆ ರೂಟ್ ಅಧಿಕಾರ ಹೋಗುವುದೇ ಇಲ್ಲ.