ಮಂಡೆ ಬಿಸಿಯ ಅನುವಾದ

ಮದುವೆಯಾಗಿ ಪುಂಜಾಲಕಟ್ಟೆಯಿಂದ ಮೈಸೂರಿಗೆ ಹೋದ ಹೊಸತು. ಒಲೆಯ ಮೇಲೆ ಹಾಲಿಟ್ಟು ಕಿಟಕಿಯ ಹತ್ತಿರ ನಿಂತಿದ್ದೆ. ಸುಯ್ಯೆಂದು ಸದ್ದಾಗಿ ತಿರುಗಿ ನೋಡಿದರೆ ಅರ್ಧ ಹಾಲು ಒಲೆಯ ಪಾಲು. "ಎಂತ ಸಾವು ಮಾರಾಯ್ರೆ!" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಂಡೆ. ಎರಡು ನಿಮಿಷದಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ. ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ, "ಯಾರು ಹೋಗ್ಬಿಟ್ರು? ಊರಿನ ಕಡೆಯವರಾ?" ಎಂದು ಕೇಳಿದರು. ಹಾಲು ಎಂದೆ. ಸಂಜೆಯೊಳಗೆ ವಠಾರಕ್ಕೆಲ್ಲ ಸುದ್ದಿ ಮುಟ್ಟಿತ್ತು. ಆ ಮನೆ ಬಿಡುವವರೆಗೂ ನಾವು ಅಲ್ಲಿ 'ಹಾಲು ಸತ್ತ ಮನೆಯವರು'.

ನಮ್ಮ ಕಡೆಯವರಿಗೆ ಈ ಮಾತಿನಲ್ಲಿ ಸಾವೂ ಕಾಣುವುದಿಲ್ಲ, ನಗೆಯೂ ಕಾಣುವುದಿಲ್ಲ. ಬಸ್ಸು ತಪ್ಪಿದರೆ, ಸಾರಿಗೆ ಉಪ್ಪು ಹೆಚ್ಚಾದರೆ, ಒಣಹಾಕಿದ ಅಡಿಕೆಯ ಮೇಲೆ ಮಳೆ ಬಿದ್ದರೆ ತುಳುವಿನಲ್ಲಿ "ಎಂಚಿ ಸಾವು ಮಾರ್ರೆ" ಎನ್ನುತ್ತೇವೆ. ಕನ್ನಡ ಮಾತಾಡಬೇಕಾಗಿ ಬಂದಾಗ ಅದನ್ನೇ ಇದ್ದ ಹಾಗೆ ಎತ್ತಿ ಇಟ್ಟೆವು, ಅಷ್ಟೆ.

ಪುಂಜಾಲಕಟ್ಟೆ ಎಂದರೆ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಪೇಟೆ. ಅಲ್ಲಿಯ ಅಂಗಡಿಯ ಜಗಲಿಯಲ್ಲಿ ಅರ್ಧ ಗಂಟೆ ಕುಳಿತರೆ ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಶಾಲೆಯ ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಅನುವಾದ ಎಂಬ ಶಬ್ದ ಕಲಿಯುವ ಮೊದಲೇ ಆ ಕೆಲಸವನ್ನು ಕಲಿತವರು ನಾವು. ಕಲಿತೆವು ಎಂದರೆ ಎಡವಿ ಎಡವಿ ಕಲಿತೆವು ಎನ್ನಿ.

ನನ್ನನ್ನು ಶಾಲೆಗೆ ಸೇರಿಸುವ ದಿನ ಮಾಸ್ತರರು "ಅಪ್ಪನ ಹೆಸರೇನು?" ಎಂದು ಕೇಳಿದರಂತೆ. ನಾನು ಧೈರ್ಯವಾಗಿ ಅಮ್ಮನ ಹೆಸರು ಹೇಳಿದೆನಂತೆ. ತಪ್ಪು ನನ್ನದಲ್ಲ. ತುಳುವಿನಲ್ಲಿ ತಾಯಿ 'ಅಪ್ಪೆ', ತಂದೆ 'ಅಮ್ಮೆ'. ಕನ್ನಡದವರು ಯಾವಾಗ ಅದಲು ಬದಲು ಮಾಡಿಕೊಂಡರೋ ಅಥವಾ ನಾವೇ ಮಾಡಿಕೊಂಡೆವೋ, ಆರು ವರ್ಷದ ಹುಡುಗಿಗೆ ಅದೆಲ್ಲ ಹೇಗೆ ತಿಳಿಯಬೇಕು? ಮುಂದೆಯೂ ಹೀಗೇ. ಕನ್ನಡ ಪಾಠದಲ್ಲಿ 'ಭೂತಾಯಿ' ಬಂದಾಗ ಇಡೀ ತರಗತಿಯ ಕಣ್ಣ ಮುಂದೆ ಬಂದದ್ದು ಮೀನು ಮಾರುವವರ ಬುಟ್ಟಿ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಮೀನು 'ಬೂತಾಯಿ'. ಆಕೆಗೆ ನಮಸ್ಕಾರ ಮಾಡಬೇಕೆಂದು ಪಾಠದಲ್ಲಿತ್ತು. ತುಳುವಿನ 'ಬಾರೆ' ಬಾಳೆಗಿಡ, 'ತಾರೆ' ತೆಂಗಿನಮರ, 'ಬಲೆ' ಎಂದರೆ ಬನ್ನಿ. ಘಟ್ಟದ ಮೇಲಿನಿಂದ ಬಂದ ನೆಂಟರನ್ನು ಅಜ್ಜಿ ಬಾಗಿಲಲ್ಲಿ ನಿಂತು "ಬಲೆ ಬಲೆ" ಎಂದು ಕರೆದರೆ ಅವರು ಯಾವುದಕ್ಕೆ ಶಹಬ್ಬಾಸ್ ಎನ್ನುತ್ತಿದ್ದಾರೆಂದು ತಿಳಿಯದೆ ಅಂಗಳದಲ್ಲೇ ನಿಂತರು. 'ಕಾರ್' ಎಂದರೆ ಕಾಲು. "ಕಾರ್ ಬೇನೆ" ಎಂದ ನಮ್ಮ ಊರಿನವರೊಬ್ಬರಿಗೆ ಬೆಂಗಳೂರಿನಲ್ಲಿ ಯಾರೋ ಗ್ಯಾರೇಜಿನ ದಾರಿ ತೋರಿಸಿದರೆಂಬುದು ನಾನು ನಂಬದ, ಆದರೆ ಬಿಡಲೂ ಮನಸ್ಸಾಗದ ಕಥೆ.

ಇವೆಲ್ಲ ನಗೆಯ ಮಾತಾಯಿತು. ನಗೆ ನಿಲ್ಲುವ ಜಾಗವೂ ಒಂದುಂಟು. ತುಳುವಿನಲ್ಲಿ 'ಬಂಜಿ' ಎಂದರೆ ಹೊಟ್ಟೆ, 'ಬಂಜಿನಾಲ್' ಎಂದರೆ ಬಸುರಿ. ಕನ್ನಡದಲ್ಲಿ ಅದಕ್ಕೆ ಹತ್ತಿರದ ಸದ್ದು 'ಬಂಜೆ'. ಒಂದೇ ಸದ್ದು ಒಂದು ಮನೆಯಲ್ಲಿ ಸೀಮಂತಕ್ಕೆ, ಇನ್ನೊಂದು ಮನೆಯಲ್ಲಿ ಸೊಸೆಯನ್ನು ಚುಚ್ಚುವುದಕ್ಕೆ. ಗಡಿ ದಾಟಿ ಬಂದ ಸೊಸೆಗೆ ಇದನ್ನು ಯಾರು ಮುಂಚಿತವಾಗಿ ಹೇಳಿಕೊಡುತ್ತಾರೆ?

ಹವ್ಯಕರ ಮನೆಯಲ್ಲಿ ಹುಡುಗಿ 'ಕೂಸು', ಹುಡುಗ 'ಮಾಣಿ'. "ಕೂಸಿಗೆ ಮದುವೆ" ಎಂಬ ಮಾತು ಕೇಳಿ ನನ್ನ ಮೈಸೂರಿನ ಗೆಳತಿ ಪೊಲೀಸರಿಗೆ ತಿಳಿಸಬೇಕಲ್ಲವೇ ಎಂದಿದ್ದಳು. ಮಾಣಿಯನ್ನಂತೂ ಅವಳು ಹೋಟೆಲಿನಲ್ಲೇ ಹುಡುಕಿದಳು. ನಮ್ಮ ತಾಲೂಕಿನಲ್ಲಿ ಮಾಣಿ ಎಂಬ ಊರೇ ಇದೆ ಎಂದ ಮೇಲೆ ಪ್ರಶ್ನೆ ಕೇಳುವುದನ್ನು ಬಿಟ್ಟಳು. ಕಾಸರಗೋಡಿನ ಕಡೆ ಹೋದರೆ ಮಲಯಾಳದ 'ವೆಳ್ಳಂ' ನೀರು, 'ವೆಲ್ಲಂ' ಬೆಲ್ಲ. ಬಂದವರಿಗೆ ಬೆಲ್ಲ ನೀರು ಎರಡನ್ನೂ ಒಟ್ಟಿಗೆ ಇಡುವ ಕ್ರಮ ಇದ್ದುದರಿಂದ ಮರ್ಯಾದೆ ಉಳಿಯಿತು.

ಆದರೆ ಶಬ್ದಕ್ಕೆ ಶಬ್ದ ಇಟ್ಟಾಗಲೇ ಕೆಲವು ಮಾತುಗಳ ನಿಜವಾದ ರುಚಿ ತಿಳಿಯುವುದು. ಮಡಂತ್ಯಾರಿನ ಕಡೆಯ ನಮ್ಮ ಪರಿಚಯದ ಕ್ರಿಶ್ಚಿಯನ್ ಅಜ್ಜಿ ಒಬ್ಬರು ಮಲ್ಲಿಗೆ ಕೊಟ್ಟರೂ "ದೇವ್ ಬರೆಂ ಕರುಂ" ಎನ್ನುತ್ತಿದ್ದರು. 'ದೇವರು ಒಳ್ಳೆಯದು ಮಾಡಲಿ' ಎಂದು ಅರ್ಥ. ಕೊಂಕಣಿಯ 'ಧನ್ಯವಾದ' ಅದು. ನಮ್ಮ 'ಧನ್ಯವಾದ'ವನ್ನು ಭಾಷಣದ ಕೊನೆಯಲ್ಲಿ ಬಿಟ್ಟರೆ ಮನೆಯೊಳಗೆ ಯಾರು ಹೇಳುತ್ತಾರೆ? ಅದೇ ಅಜ್ಜಿ ಹೊರಡುವಾಗ "ಯೆತಾಂ" ಎನ್ನುವರು. 'ಬರುತ್ತೇನೆ' ಎಂದರ್ಥ, ಹೊರಟಿರುವುದು ಮಾತ್ರ ಹೊರಗೆ. ತುಳುವಿನಲ್ಲೂ ಕನ್ನಡದಲ್ಲೂ ನಾವು ಹೋಗಿಬರುವವರೇ. "ಐ ವಿಲ್ ಗೋ ಅಂಡ್ ಕಮ್" ಎಂದು ಇಂಗ್ಲಿಷಿನಲ್ಲಿ ಹೇಳಿದವರನ್ನು ನಾವು ಗೇಲಿ ಮಾಡುತ್ತೇವೆ. ಬರಿಯ 'ಹೋಗುತ್ತೇನೆ' ಎನ್ನಲು ನಾಲಗೆ ಏಳದವರ ಇಂಗ್ಲಿಷು ಅದು. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಇಷ್ಟಕ್ಕೂ ಶಬ್ದಶಃ ಅನುವಾದ ಹಳ್ಳಿಯವರ ಅಜ್ಞಾನ ಎಂದು ಯಾರು ಹೇಳಿದರು? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಜರ್ಮನ್ ಮಾತಾಡುವ ಪಾದ್ರಿಗಳು ಬಹಳ ಮಂದಿ. ಕಿಟ್ಟೆಲ್ ಪಾದ್ರಿಗಳ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಅವರ ಮುದ್ರಣಾಲಯದಲ್ಲೇ. ಆ ಜರ್ಮನ್ ಭಾಷೆಯಲ್ಲಿ ಕೈಗವಸಿಗೆ ಏನೆನ್ನುತ್ತಾರೆ ಗೊತ್ತೇ? 'ಹಾಂಡ್‌ಷೂ'. ಕೈಯ ಜೋಡು! ಆಮೆಗೆ 'ಗುರಾಣಿ ಕಪ್ಪೆ', ಆಸ್ಪತ್ರೆಗೆ 'ರೋಗಿಗಳ ಮನೆ' ಎಂದು ಅರ್ಥ ಬರುವ ಮಾತುಗಳು. ಫ್ರೆಂಚರಿಗೆ ಬಟಾಟೆ 'ನೆಲದ ಸೇಬು'. ಇದನ್ನು ಓದಿ ನಾನು ಬಹಳ ನಕ್ಕೆ. ನಗುತ್ತಲೇ ಮಗಳನ್ನು ಶಾಲೆಗೆ ಹೊರಡಿಸುತ್ತ "ಕಾಲುಚೀಲ ಎಲ್ಲೇ?" ಎಂದು ಕೂಗಿದೆ. ಕಾಲಿಗೆ ಚೀಲ! ಹಾಗಾದರೆ ಕೈಚೀಲವನ್ನೂ ಕೈಗೆ ತೊಡಬೇಕಿತ್ತಲ್ಲ, ತರಕಾರಿಗೆ ಯಾಕೆ ಒಯ್ಯುತ್ತೇವೆ? ನೆಲಗಡಲೆ ತಿನ್ನುವವರು ನೆಲದ ಸೇಬಿಗೆ ನಗಬಾರದು. ರೈಲಿಗೆ 'ಅಗ್ನಿರಥ', 'ಹೊಗೆಬಂಡಿ' ಎಂದು ಹೆಸರಿಟ್ಟವರನ್ನು ಹಾಸ್ಯ ಮಾಡಿ ನಾವು 'ರೈಲು' ಎಂದೇ ಉಳಿದೆವು. ಚೀನಾದಲ್ಲಿ ಇವತ್ತಿಗೂ ರೈಲಿಗೆ ದಿನಬಳಕೆಯ ಮಾತು 'ಬೆಂಕಿ ಬಂಡಿ'ಯೇ.

ಪಂಡಿತರ ಅನುವಾದಗಳ ವಿಚಾರದಲ್ಲಿ ಮಾತ್ರ ನನಗೆ ಒಂದು ತಕರಾರು ಉಂಟು. ಹೈಸ್ಕೂಲಿನ ವಿಜ್ಞಾನದಲ್ಲಿ ನಾವೆಲ್ಲ 'ಆಮ್ಲಜನಕ' ಬಾಯಿಪಾಠ ಮಾಡಿದವರು. ಆಕ್ಸಿಜನ್ ಎಂದರೆ ಗ್ರೀಕಿನಲ್ಲಿ ಹುಳಿಯನ್ನು ಹುಟ್ಟಿಸುವುದು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಆ ಹೆಸರಿಟ್ಟ ಫ್ರಾನ್ಸಿನ ಲವಾಸಿಯೆ ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇದೆ ಎಂದು ತಿಳಿದಿದ್ದ. ಹಾಗಲ್ಲ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ ಎಂಬುದು 1810ರ ಹೊತ್ತಿಗೆ ಇಂಗ್ಲೆಂಡಿನ ಡೇವಿಯಿಂದ ತಿಳಿಯಿತು. ಆಮೇಲೆ ಎಷ್ಟೋ ಕಾಲಕ್ಕೆ ನಾವು ಆ ಹೆಸರನ್ನು ಕನ್ನಡಕ್ಕೆ ತಂದೆವು, ಅವನ ತಪ್ಪನ್ನೂ ಸೇರಿಸಿ ಅಚ್ಚುಕಟ್ಟಾಗಿ ತಂದೆವು. 'ದ್ಯುತಿಸಂಶ್ಲೇಷಣೆ'ಯೂ ಅಷ್ಟೆ. ಇಂಗ್ಲಿಷು ಶಬ್ದವನ್ನು ಎರಡು ತುಂಡು ಮಾಡಿ ಒಂದೊಂದಕ್ಕೂ ಸಂಸ್ಕೃತದ ಅಂಗಿ ತೊಡಿಸಿದ್ದು. ಎಲೆ ಬೆಳಕಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ ಎಂದು ನಮ್ಮ ಟೀಚರು ಬಾಯಿಯಲ್ಲಿ ಹೇಳಿದಾಗ ತಿಳಿದದ್ದು ಆ ಶಬ್ದದಿಂದ ತಿಳಿಯಲಿಲ್ಲ.

ಎಲ್ಲವನ್ನೂ ತೆಗಳುತ್ತಿಲ್ಲ. ರೇಡಿಯೋಗೆ 'ಆಕಾಶವಾಣಿ' ಎಂದದ್ದು ಎಷ್ಟು ಚೆಂದ! 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಮನೆಯಲ್ಲೇ ನಡೆಸಿದ ಬಾನುಲಿ ಕೇಂದ್ರದ ಹೆಸರು ಅದು. ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಅಲ್ಲಿ ಯಾರೂ ಶಬ್ದವನ್ನು ತುಂಡು ಮಾಡಿರಲಿಲ್ಲ. ಪುರಾಣದಲ್ಲಿ ಕಂಸನಿಗೆ ಕೇಳಿಸಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು. ನಂದಳಿಕೆಯ ಮುದ್ದಣ ಸಂಸ್ಕೃತದ ಕಡೆಗೆ ಜಾರಿದಾಗ ತಿಳಿಯುವ ಕನ್ನಡದಲ್ಲಿ ಹೇಳೆಂದು ತಡೆದ ಮನೋರಮೆಯ ಹಾಗಿನ ಹೆಂಗಸು ಒಬ್ಬಳು ಪರಿಭಾಷೆಯ ಸಮಿತಿಗಳಲ್ಲಿ ಕುಳಿತಿದ್ದರೆ ಚೆನ್ನಾಗಿತ್ತು.

ಹೇಳಬೇಕಾದದ್ದು ಇದು: ಮಾಡುವ ಕೆಲಸ ಒಂದೇ, ನಗೆ ಮಾತ್ರ ಒಂದೇ ಕಡೆಗೆ ಹರಿಯುತ್ತದೆ. ಇಂಗ್ಲಿಷಿನಿಂದ ಶಬ್ದಕ್ಕೆ ಶಬ್ದ ತಂದರೆ ಅದು ಪಾರಿಭಾಷಿಕ ಪದ, ಪರೀಕ್ಷೆಯಲ್ಲಿ ಎರಡು ಅಂಕ. ತುಳುವಿನಿಂದ ತಂದರೆ ಕೆಂಪು ಶಾಯಿ. ಪ್ರಬಂಧದಲ್ಲಿ "ಅಜ್ಜಿಗೆ ನಾಳೆ ಪೇಟೆಗೆ ಹೋಗಲಿಕ್ಕುಂಟು" ಎಂದು ಬರೆದ ನನ್ನನ್ನು ನಿಲ್ಲಿಸಿ ಆ ವಾಕ್ಯವನ್ನು ಎಲ್ಲರಿಗೂ ಕೇಳುವ ಹಾಗೆ ಓದಿಸಿದ್ದರು. ಸಿನಿಮಾದವರೂ ಬಹಳ ವರ್ಷ ಅಷ್ಟನ್ನೇ ಮಾಡಿದರು. ನಮ್ಮ ಕನ್ನಡ ಮಾತಾಡುವವನು ಎಂದರೆ ಅಡುಗೆ ಭಟ್ಟ, ಇಲ್ಲವೇ ಹೋಟೆಲಿನವನು. ಬಾಯಿ ಬಿಟ್ಟರೆ ಜನ ನಗಬೇಕು. 2014ರ 'ಉಳಿದವರು ಕಂಡಂತೆ'ಯಲ್ಲಿ, 2017ರ 'ಒಂದು ಮೊಟ್ಟೆಯ ಕಥೆ'ಯಲ್ಲಿ ಅದೇ ಮಾತಿನಲ್ಲಿ ಸಿಟ್ಟು, ಪ್ರೀತಿ, ಸಂಕಟ ಎಲ್ಲವನ್ನೂ ಕೇಳಿದಾಗ ಕತ್ತಲಲ್ಲಿ ಕುಳಿತಿದ್ದ ನನಗೆ ಬೆನ್ನು ನೆಟ್ಟಗಾಯಿತು. ಮೊಮ್ಮಗಳು ಮೊನ್ನೆ "ಅಜ್ಜೀ, ನಾನು ಸ್ನಾನ ತಗೊಂಡೆ" ಎಂದಳು. ಇದು ಇಂಗ್ಲಿಷಿನ ಶಬ್ದಶಃ ಅನುವಾದ. ಮನೆಯಲ್ಲಿ ಯಾರಿಗೂ ನಗು ಬರಲಿಲ್ಲ, ಎಷ್ಟು ಚುರುಕು ಎಂದರು. ನನ್ನ ಅಮ್ಮ ಇದ್ದಿದ್ದರೆ ಎಲ್ಲಿಂದ ತೆಗೆದುಕೊಂಡಿ, ಎಷ್ಟು ಕೊಟ್ಟಿ ಎಂದು ಕೇಳುತ್ತಿದ್ದರು.

ನಮ್ಮ ಮಾತಿಗೆ ನಿಘಂಟು ಇಲ್ಲ ಎನ್ನುವ ಹಾಗೂ ಇಲ್ಲ. ಮ್ಯಾನರ್ ಪಾದ್ರಿಗಳ ತುಳು-ಇಂಗ್ಲಿಷ್ ನಿಘಂಟು ಬಂದದ್ದು 1886ರಲ್ಲಿ, ಕಿಟ್ಟೆಲರದ್ದಕ್ಕಿಂತ ಎಂಟು ವರ್ಷ ಮೊದಲೇ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ಬಂತು. ಮಧ್ಯಾಹ್ನದ ಕೆಲಸ ಮುಗಿಸಿ ಕಥೆಪುಸ್ತಕ ಓದುವ ಹಾಗೆ ಓದಬಹುದಾದ ನಿಘಂಟು ಅದು. 2024ರಲ್ಲಿ ಗೂಗಲ್‌ನವರ ಅನುವಾದದಲ್ಲೂ ತುಳು ಸೇರಿತು. 'ಮಂಡೆ ಬೆಚ್ಚ'ವನ್ನು ಅದಕ್ಕೆ ಕೊಟ್ಟು ನೋಡುವ ಧೈರ್ಯ ನಾನು ಇನ್ನೂ ಮಾಡಿಲ್ಲ. ಅದಕ್ಕೆ ಕಾರಣ ಉಂಟು.

'ಮಂಡೆ ಬೆಚ್ಚ' ಎಂದರೆ ಶಬ್ದಕ್ಕೆ ಸರಿಯಾಗಿ ತಲೆ ಬಿಸಿ. ಇಂಗ್ಲಿಷಿನವರ ಬಿಸಿ ತಲೆ ಎಂದರೆ ಮುಂಗೋಪ. ಮೈಸೂರಿನವರು ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಮಂಡೆ ಬಿಸಿಯಾಗುವುದು ಚಿಂತೆಯಿಂದ, ಯಾರಿಗೂ ಹೇಳಲಾಗದ ಚಿಂತೆಯಿಂದ. ಅಮ್ಮ ಒಂದು ಮಳೆಗಾಲ ಮೈಸೂರಿಗೆ ಬಂದಿದ್ದರು. ಬಂದ ಮರುದಿನವೇ "ಮಂಡೆ ಬೆಚ್ಚ ಆತ್ಂಡ್" ಎಂದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಮ್ಮನಿಗೆ ಕನ್ನಡ ಬಾರದ್ದಲ್ಲ. ವಠಾರದ ನಗೆಗೆ ಹೆದರಿ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ನಾನೇ ಹೇಳಿದೆ, "ತಲೆ ಬಿಸಿಯಾಗಿದೆಯಂತೆ" ಎಂದು. ಅಷ್ಟು ಹೊತ್ತಿಗೆ ನಾನು ಮೈಸೂರಿಗೆ ಬಂದು ಹತ್ತು ವರ್ಷ, ನನ್ನ ಕನ್ನಡದಿಂದ 'ಮಂಡೆ', 'ಉಂಟು', 'ಎಂತ' ಎಲ್ಲವನ್ನೂ ಕಲ್ಲು ಹೆಕ್ಕಿದ ಹಾಗೆ ಹೆಕ್ಕಿ ಬಿಸಾಡಿದ್ದೆ. ಡಾಕ್ಟರು ಥರ್ಮಾಮೀಟರು ಇಟ್ಟು ನೋಡಿದರು. ಜ್ವರ ಇರಲಿಲ್ಲ. ಇರಲಿ ಎಂದು ಮೂರು ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಅವರದೇನು ತಪ್ಪು? ನಾನು ಹೇಳಿದ್ದಕ್ಕೆ ಸರಿಯಾದ ಮದ್ದನ್ನೇ ಕೊಟ್ಟರು.

ಮೂರನೆಯ ರಾತ್ರಿ ನೀರು ಕುಡಿಯಲು ಎದ್ದರೆ ಅಮ್ಮ ಅಡುಗೆಮನೆಯ ದೀಪ ಕೂಡ ಹಾಕದೆ ಕುಳಿತಿದ್ದರು. ಒತ್ತಾಯ ಮಾಡಿದ ಮೇಲೆ ಒಂದೊಂದಾಗಿ ಹೇಳಿದರು. ತಮ್ಮ ಅಂಗಡಿ ಹಾಕುವುದಕ್ಕೆಂದು ತೋಟವನ್ನು ಅಡವಿಟ್ಟು ಸಾಲ ತೆಗೆದಿದ್ದ. ಆ ವರ್ಷ ಅಡಿಕೆಗೆ ಕೊಳೆರೋಗ. ಕಂತು ಕಟ್ಟಲು ಆಗಿರಲಿಲ್ಲ. ಅಪ್ಪನಿಗೆ ವಿಷಯ ತಿಳಿದಿರಲಿಲ್ಲ.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ನಾನು ಸಿಟ್ಟಿನಲ್ಲಿಯೇ ಕೇಳಿದೆ.

"ಹೇಳಿದೆನಲ್ಲ," ಎಂದರು ಅಮ್ಮ, "ಬಂದ ಮರುದಿನವೇ."

ಬೆಳಿಗ್ಗೆ ಊರಿಗೆ ಫೋನು ಮಾಡಿ ತಮ್ಮನ ಹತ್ತಿರ ಮಾತಾಡಿದೆವು. ಉಳಿದ ಮಾತ್ರೆಗಳನ್ನು ಅಮ್ಮ ಕಾಗದದಲ್ಲಿ ಕಟ್ಟಿ, ದುಡ್ಡು ಕೊಟ್ಟದ್ದಲ್ಲವೇ ಎಂದು ಪುಂಜಾಲಕಟ್ಟೆಗೆ ಒಯ್ದರು.