ಕೃತ, ಕಾರಿತ ಮತ್ತು ಒಂದು ತೀರ್ಪು

ಮಲ್ಪೆಯ ಮರಳಿನ ಮೇಲೆ ಬೆಳಗಿನ ಜಾವ ಓಟವನ್ನು ಅಭ್ಯಾಸ ಮಾಡುವ ಮಕ್ಕಳಿಗೆ ಅಶ್ವಿನಿ ಅಕ್ಕುಂಜೆ ದೂರದ ಹೆಸರಲ್ಲ. ಇದೇ ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಈ ಓಟಗಾರ್ತಿ 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4×400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಮರುತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇ ಎರಡರಲ್ಲಿಯೂ ಚಿನ್ನ ದೊರೆಯಿತು. 2011ರ ಮಧ್ಯಭಾಗದಲ್ಲಿ ಅವರ ಪರೀಕ್ಷೆಯಲ್ಲಿ ಮೆಥಾಂಡೈನೋನ್ ಎಂಬ ನಿಷಿದ್ಧ ಸ್ಟೀರಾಯ್ಡ್ ಕಂಡುಬಂದಿತು.

ಕೋಚ್ ಯೂರಿ ಒಗೊರೊಡ್ನಿಕ್ ಕೊಟ್ಟ ಜಿನ್ಸೆಂಗ್ ಗುಳಿಗೆಗಳಲ್ಲಿ ಅದು ಬೆರೆತಿತ್ತು, ತಮಗೆ ತಿಳಿದಿರಲಿಲ್ಲ ಎಂಬುದು ಅವರ ಹಾಗೂ ಜೊತೆಗೆ ಸಿಕ್ಕಿಬಿದ್ದ ಓಟಗಾರ್ತಿಯರ ವಾದ. ಅದೇ ಜುಲೈಯಲ್ಲಿ ಕೋಚ್‌ರನ್ನು ಸೇವೆಯಿಂದ ತೆಗೆಯಲಾಯಿತು. ಡಿಸೆಂಬರಿನಲ್ಲಿ ನಮ್ಮ ದೇಶದ ಶಿಸ್ತು ಮಂಡಳಿಯು ವಾದವನ್ನು ಪರಿಗಣಿಸಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯು ಮೇಲ್ಮನವಿ ಸಲ್ಲಿಸಿತು. 2012ರ ಜುಲೈಯಲ್ಲಿ ಕ್ರೀಡಾ ನ್ಯಾಯಮಂಡಳಿಯು ಆರು ಮಂದಿಗೂ ಶಿಕ್ಷೆಯನ್ನು ಎರಡು ವರ್ಷಕ್ಕೆ ಏರಿಸಿತು.

ಇದನ್ನು ವ್ಯಸನದ ಕಥೆಗಳ ಸಾಲಿಗೆ ಸೇರಿಸಿ ಮಾತನಾಡುವವರಿದ್ದಾರೆ. ಅದು ಸರಿಯಲ್ಲ. ಫುಟ್‌ಬಾಲ್ ಆಟಗಾರ ಮರಡೋನಾ 1991ರಲ್ಲಿ ಕೊಕೇನ್ ಸೇವನೆಗಾಗಿ ಹದಿನೈದು ತಿಂಗಳ ನಿಷೇಧಕ್ಕೊಳಗಾದಾಗ ಆತನಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ತಿಳಿದೂ ತಡೆಯಲಾರದ ಸ್ಥಿತಿ ಅದು. ಸಪ್ತವ್ಯಸನಗಳನ್ನು ಹೇಳುವಾಗ ಹಿರಿಯರು ಕಂಡದ್ದು ಇಂಥ ಸೆರೆಯನ್ನೇ. ಇಲ್ಲಿಯಾದರೋ, ವಾದವನ್ನು ಒಪ್ಪುವುದಾದರೆ, ತಡೆಯುವ ಶಕ್ತಿ ಇತ್ತು, ಅರಿವು ಇರಲಿಲ್ಲ. ಎರಡಕ್ಕೂ ಒಂದೇ ಮದ್ದು ಹೇಳುವುದು ವೈದ್ಯವಲ್ಲ.

ಹಾಗೆಂದು ಓಟಗಾರ್ತಿಯರು ನಿರ್ದೋಷಿಗಳೆಂದು ಬಿಟ್ಟುಬಿಡುವಂತೆಯೂ ಇಲ್ಲ. ಹೆಸರರಿಯದ ಹಣ್ಣನ್ನು ತಿನ್ನಬಾರದೆಂದು ಅಜ್ಞಾತಫಲವನ್ನು ಅಭಕ್ಷ್ಯಗಳಲ್ಲಿ ಸೇರಿಸಿದ ಪರಂಪರೆಗೆ ನ್ಯಾಯಮಂಡಳಿಯ ನಿಲುವು ಅಪರಿಚಿತವಾಗಿ ತೋರದು. ಅಜ್ಞಾನ ಬೇರೆ, ಪ್ರಮಾದ ಬೇರೆ. ವಿಚಾರಿಸಬಹುದಾಗಿದ್ದೂ ವಿಚಾರಿಸದಿದ್ದುದು ಎರಡನೆಯದು. ವ್ಯಾಪಾರಿಗಳಿಗೂ ಇದು ಗೊತ್ತು. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯಡಿ, ಅರಿಸಿನ ಪುಡಿಯಲ್ಲಿ ಕಲಬೆರಕೆ ಸಿಕ್ಕಿದರೆ ‘ನನಗೆ ತಿಳಿಯದು’ ಎಂದು ಅಂಗಡಿಯವನು ಪಾರಾಗುವಂತಿರಲಿಲ್ಲ. ಆದರೆ ಪರವಾನಗಿ ಪಡೆದ ತಯಾರಕನಿಂದ ಲಿಖಿತ ಖಾತರಿಯೊಡನೆ ಕೊಂಡು, ಸರಿಯಾಗಿ ಕಾಪಾಡಿ, ಇದ್ದಂತೆಯೇ ಮಾರಿದ್ದರೆ ಅವನಿಗೆ ರಕ್ಷಣೆಯಿತ್ತು. ಶಿಬಿರದ ಹುಡುಗಿಯ ಕೈಯಲ್ಲಿದ್ದುದು ಕೋಚ್‌ನ ಮಾತೊಂದೇ. ಬಿಲ್ಲು ಕೇಳುವ ಧೈರ್ಯ ಯಾವ ಶಿಷ್ಯೆಗೆ ಇದ್ದೀತು?

ತೀರ್ಪಿನ ನಿಜವಾದ ದೌರ್ಬಲ್ಯ ಇಲ್ಲಿದೆ. ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ಬಾಗಿಲುಗಳನ್ನು ನಮ್ಮ ಆಚಾರ್ಯರು ಗುರುತಿಸಿದರು. ಮಾಡಿದವನು, ಮಾಡಿಸಿದವನು, ಮೆಚ್ಚಿ ತಲೆದೂಗಿದವನು ಮೂವರೂ ಬದ್ಧರು. ನ್ಯಾಯಮಂಡಳಿಯ ತಕ್ಕಡಿಯಲ್ಲಿ ತೂಗಿದ್ದು ಕೃತವನ್ನು ಮಾತ್ರ. ಗುಳಿಗೆಯನ್ನು ಶಿಬಿರದೊಳಗೆ ಬರಗೊಟ್ಟ ವ್ಯವಸ್ಥೆ, ಪದಕ ಬಂದರೆ ಸಾಕೆಂದು ಪ್ರಶ್ನೆ ಕೇಳದೆ ಹಾರ ಹಾಕಿದ ಸಮಾಜ, ಇವು ಕಟಕಟೆಯನ್ನೇ ಏರಲಿಲ್ಲ. 2015ರಿಂದ ಜಾರಿಗೆ ಬಂದ ವಿಶ್ವ ಸಂಹಿತೆಯು, ಒಬ್ಬನೇ ತರಬೇತುದಾರನ ಕೈಕೆಳಗಿನ ಒಬ್ಬರಿಗಿಂತ ಹೆಚ್ಚು ಮಂದಿ ಸಿಕ್ಕಿಬಿದ್ದರೆ ಅವನ ತನಿಖೆಯನ್ನೂ ಕಡ್ಡಾಯ ಮಾಡಿತು. ಕಾರಿತದ ಬಾಗಿಲಿಗೆ ಬೆಳಕು ತಡವಾಗಿಯಾದರೂ ಬಿತ್ತು.

ಆದರೂ ಹಳೆಯ ಮಾದರಿ ಅಳಿದಿಲ್ಲ. ಮಂಗಳೂರಿನ ಎಂ. ಆರ್. ಪೂವಮ್ಮ 2021ರಲ್ಲಿ ಸಿಕ್ಕಿಬಿದ್ದಾಗ ಮೊದಲ ಮಂಡಳಿ ಮೂರು ತಿಂಗಳು ಎಂದಿತು, 2022ರಲ್ಲಿ ಮೇಲ್ಮನವಿ ಮಂಡಳಿ ಎರಡು ವರ್ಷ ಎಂದಿತು. ಒಂದೇ ಕೃತ್ಯಕ್ಕೆ ಎಂಟು ಪಟ್ಟು ಅಂತರ! ಲೆಕ್ಕ ಬರೆಯುವವನಾದರೆ ಪುಸ್ತಕ ಮುಚ್ಚಿ ಮೊದಲಿನಿಂದ ಕೂಡಿಸುತ್ತಿದ್ದ.

ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ‘ಪರಿಹಾರ’ವೆಂದರೆ ನಿಯತ ಕಾಲದವರೆಗೆ ಸಂಘದಿಂದ ದೂರವಿಡುವುದು. ಅದರ ಅನಂತರದ, ಕೊನೆಯ ಭೇದ ‘ಉಪಸ್ಥಾಪನ’, ಮರಳಿ ಸ್ಥಾಪಿಸುವುದು. ಕ್ರೀಡಾ ನಿಷೇಧವು ಮೊದಲನೆಯದನ್ನು ಚೆನ್ನಾಗಿ ಬಲ್ಲದು. ಎರಡನೆಯದಕ್ಕೆ ವಿಧಿಯನ್ನೇ ಬರೆದಿಲ್ಲ. ದಿನಾಂಕ ಮುಗಿದೊಡನೆ ಬಾಗಿಲು ತೆರೆಯುತ್ತದೆ, ಸ್ವಾಗತಿಸಲು ಹೊಸ್ತಿಲಲ್ಲಿ ಯಾರೂ ಇರುವುದಿಲ್ಲ. ಬಸದಿಯ ಪ್ರಾಂಗಣದಲ್ಲಿ ಪ್ರತಿಭಾ ಪುರಸ್ಕಾರ ಏರ್ಪಡಿಸುವ ನಮ್ಮ ಟ್ರಸ್ಟ್‌ಗಳು, ಗೆದ್ದ ವರ್ಷದಲ್ಲಿ ಮಾತ್ರವಲ್ಲದೆ ಮರಳಿದ ವರ್ಷದಲ್ಲಿಯೂ ಒಬ್ಬ ಆಟಗಾರ್ತಿಯನ್ನು ಕರೆದದ್ದುಂಟೆ ಎಂದು ತಮ್ಮ ಕಡತಗಳನ್ನು ತೆರೆದು ನೋಡಬಹುದು.

ಅಶ್ವಿನಿಯವರು ನಿಷೇಧವನ್ನು ಮುಗಿಸಿ ಮತ್ತೆ ಓಟಕ್ಕೆ ಇಳಿದರು. 2010ರ ಮೂರು ಚಿನ್ನಗಳೂ ಅವರ ಹೆಸರಿನಲ್ಲಿಯೇ ಉಳಿದಿವೆ.