ಏಳದ ದೋಣಿಗೆ ದೊಡ್ಡ ಎಂಜಿನ್ ಮದ್ದಲ್ಲ

ಗೇಟ್‌ವೇ ಆಫ್ ಇಂಡಿಯಾದಿಂದ ಮಾಂಡ್ವಾಕ್ಕೆ ಲಾಂಚಿನಲ್ಲಿ ಹೋದರೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಸ್ಪೀಡ್‌ಬೋಟಿಗೆ ಅದರ ಮೂರನೆಯ ಒಂದು ಪಾಲು ಹೊತ್ತು ಸಾಕು. ಲಾಂಚು ನೀರನ್ನು ಸೀಳಿಕೊಂಡು ಹೋಗುತ್ತದೆ, ಸ್ಪೀಡ್‌ಬೋಟು ನೀರಿನ ಮೇಲೆದ್ದು ಜಾರುತ್ತದೆ. ಪ್ಲೇನಿಂಗ್ ಎಂದು ಕರೆಯುವ ಈ ಏಳುವಿಕೆಯೇ ಸಣ್ಣ ಮೋಟಾರು ದೋಣಿಯ ಜೀವಾಳ. ವರ್ಸೋವಾ, ಮಢ, ಮಾರ್ವೆ, ಉತ್ತನ್‌ನಿಂದ ಹಿಡಿದು ವಾಶಿಯ ಖಾರಿಯವರೆಗೆ ಹದಿನಾಲ್ಕು, ಹದಿನಾರು ಅಡಿಯ ಫೈಬರ್ ದೋಣಿಗೆ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡವರ ದೂರು ಸಾಮಾನ್ಯವಾಗಿ ಒಂದೇ: ಇಬ್ಬರಿದ್ದಾಗ ದೋಣಿ ಏಳುತ್ತದೆ, ಐವರು ಕೂತರೆ ಮೂತಿ ಮೇಲೆತ್ತಿ ತೆವಳುತ್ತದೆ. ರೂಢಿಯಲ್ಲಿರುವ ಪರಿಹಾರವೂ ಒಂದೇ: ಇನ್ನೂ ದೊಡ್ಡ ಎಂಜಿನ್ ಹಾಕು. ಈ ಪರಿಹಾರ ದುಬಾರಿ, ಬಹುಪಾಲು ಅನಗತ್ಯ, ಕೆಲವೊಮ್ಮೆ ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ದೋಣಿ ಏಕೆ ತೆವಳುತ್ತದೆ ಎಂಬುದನ್ನು ಮೊದಲು ನೋಡೋಣ. ನಿಧಾನ ಸಾಗುವ ದೋಣಿ ತಾನೇ ಎಬ್ಬಿಸಿದ ಅಲೆಯ ಸೆರೆಯಲ್ಲಿರುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತ ದೋಣಿಯ ಉದ್ದವನ್ನು ಮೀರತೊಡಗಿದಾಗ ಮೂತಿ ಅಲೆಯ ನೆತ್ತಿಯ ಮೇಲೂ ಹಿಂಬದಿ ಅದರ ತಗ್ಗಿನಲ್ಲೂ ಸಿಕ್ಕಿಕೊಳ್ಳುತ್ತವೆ. ನೀರಿನ ಮಟ್ಟದಲ್ಲಿ 16 ಅಡಿ ಉದ್ದವಿರುವ ದೋಣಿಗೆ ಈ ಮಿತಿ ಬರುವುದು ಸುಮಾರು 5.4 ನಾಟ್, ಅಂದರೆ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ. ಅಲ್ಲಿಂದ ಮುಂದೆ ದೋಣಿ ತನ್ನದೇ ಅಲೆಯ ಗುಡ್ಡವನ್ನು ಹತ್ತಿ ದಾಟಬೇಕು. ಹತ್ತು ಹನ್ನೆರಡು ನಾಟ್ ಮುಟ್ಟುವ ಹೊತ್ತಿಗೆ ತಳಕ್ಕೆ ಬಡಿಯುವ ನೀರಿನ ಒತ್ತಡವೇ ದೋಣಿಯನ್ನು ಎತ್ತಿ ಹಿಡಿಯುತ್ತದೆ. ಅಲೆಗೂ ದೋಣಿಯ ಉದ್ದಕ್ಕೂ ಇರುವ ಈ ಸಂಬಂಧವನ್ನು ಇಂಗ್ಲೆಂಡಿನ ವಿಲಿಯಂ ಫ್ರೌಡ್ 1870ರ ದಶಕದಲ್ಲೇ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ತೋರಿಸಿದ್ದ. ಜಾರುವ ತಳದ ಲೆಕ್ಕವನ್ನು ಅಮೆರಿಕದ ಡೇನಿಯಲ್ ಸವಿಟ್‌ಸ್ಕಿ 1964ರಲ್ಲಿ ಪ್ರಕಟಿಸಿದ. ವಿನ್ಯಾಸಕಾರರು ಇಂದಿಗೂ ಅದನ್ನೇ ಹಿಡಿದು ಹೋಗುತ್ತಾರೆ. ಸಾಮಾನ್ಯ ಪ್ಲೇನಿಂಗ್ ತಳ ನೀರಿಗೆ ನಾಲ್ಕೈದು ಡಿಗ್ರಿ ಓರೆಯಾಗಿದ್ದಾಗ ಪ್ರತಿರೋಧ ಕನಿಷ್ಠವಾಗಿರುತ್ತದೆ. ಮೂತಿ ಅದಕ್ಕಿಂತ ಬಹಳ ಮೇಲೆದ್ದರೆ ಎಂಜಿನ್ನಿನ ಶಕ್ತಿ ದೋಣಿಯನ್ನು ಎತ್ತುವುದರ ಬದಲು ನೀರನ್ನು ದೂಡುವುದರಲ್ಲಿ ಮುಗಿದುಹೋಗುತ್ತದೆ.

ಮುಂಬೈ ಬಂದರಿನಲ್ಲಿ ಇದು ಪೆಟ್ರೋಲಿನ ಖರ್ಚಿನ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. ಮೂತಿ ಎತ್ತಿದ ದೋಣಿ ನಡೆಸುವವನಿಗೆ ಎದುರಿನ ನೀರು ಕಾಣಿಸುವುದಿಲ್ಲ. ಅದೇ ನೀರಿನಲ್ಲಿ ಎಲಿಫೆಂಟಾಕ್ಕೆ ಹೋಗುವ ಲಾಂಚುಗಳು, ನ್ಹಾವಾ ಶೇವಾದ ಕಂಟೇನರ್ ಹಡಗುಗಳು, ನೌಕಾಪಡೆಯ ನೌಕೆಗಳು, ಕೋಳಿ ಸಮುದಾಯದ ಮೀನುಗಾರರ ಬಲೆಗಳು ಎಲ್ಲವೂ ಇವೆ. ಆದ್ದರಿಂದ ದೋಣಿಯ ಹದವನ್ನು ಅಳೆಯಬೇಕಾದದ್ದು ಗರಿಷ್ಠ ವೇಗದಿಂದಲ್ಲ. ತುಂಬಿದ ಭಾರದಲ್ಲಿ ಎಷ್ಟು ಬೇಗ ಏಳುತ್ತದೆ, ಎದ್ದ ಮೇಲೆ ಎಷ್ಟು ಕಡಿಮೆ ವೇಗದಲ್ಲೂ ಕುಸಿಯದೆ ನಿಲ್ಲುತ್ತದೆ ಎಂಬ ಎರಡು ಪ್ರಶ್ನೆ ಸಾಕು. ದೊಡ್ಡ ಎಂಜಿನ್ನಿನ ರೂಢಿ ಸೋಲುವುದು ಈ ಅಳತೆಯ ಮುಂದೆಯೇ.

ಭಾರದಿಂದ ಶುರು ಮಾಡೋಣ. ಒಂದು ಅಶ್ವಶಕ್ತಿಯ ಪಾಲಿಗೆ 20 ಕಿಲೋ ಭಾರ ಬಂದರೆ ಸಣ್ಣ ದೋಣಿ ಏಳಲು ತಿಣುಕುತ್ತದೆ ಎಂಬುದು ಅನುಭವಿಗಳ ಕೈಯಂದಾಜು. ದೋಣಿಯ ತೂಕ 350 ಕಿಲೋ, 40 ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್ 75 ಕಿಲೋ, 50 ಲೀಟರ್ ಪೆಟ್ರೋಲ್ 37 ಕಿಲೋ ಎಂದಿಟ್ಟುಕೊಳ್ಳಿ. ಎಪ್ಪತ್ತು ಕಿಲೋದ ಮೂವರು ಕೂತರೆ ಒಟ್ಟು 672 ಕಿಲೋ. ಪಾಲಿಗೆ ಬರುವುದು ಸುಮಾರು 17. ಐವರಾದರೆ 812 ಕಿಲೋ. ಪಾಲು 20 ದಾಟುತ್ತದೆ. ಇಬ್ಬರು ಹೆಚ್ಚಿದ್ದಕ್ಕೇ ದೋಣಿ ಗುಡ್ಡದ ಈಚೆ ನಿಂತಿತು. ಈಗ 60 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಎಂಜಿನ್ ತಂದು ಕಟ್ಟಿದರೆ ಅದರ ತೂಕವೇ 100 ಕಿಲೋ ಮೀರುತ್ತದೆ, ಆ ಹೆಚ್ಚುವರಿಯೆಲ್ಲ ಮೊದಲೇ ಮುಳುಗುತ್ತಿರುವ ಹಿಂಬದಿಯ ಮೇಲೆಯೇ ಬೀಳುತ್ತದೆ. ಶಕ್ತಿ ಹೆಚ್ಚಿರುವುದರಿಂದ ದೋಣಿ ಏಳಬಹುದು. ಆದರೆ ನಿಂತಾಗ ಹಿಂದಿನ ಅಂಚು ನೀರಿಗೆ ಹತ್ತಿರವಾಗಿರುತ್ತದೆ. ಒಮ್ಮೆಲೇ ವೇಗ ತಗ್ಗಿಸಿದಾಗ ಬೆನ್ನಟ್ಟಿ ಬರುವ ಅಲೆ ಒಳಗೆ ನುಗ್ಗುತ್ತದೆ. ದೋಣಿ ಕಟ್ಟಿದವರು ಹೇಳಿದ ಮಿತಿಯನ್ನು ಮೀರಿದರೆ ಎಂಜಿನ್ ಹೊತ್ತ ಹಿಂಗೋಡೆಯೇ ಬಿರಿಯಬಹುದು.

ದೊಡ್ಡ ಎಂಜಿನ್ನಿಗೆ ಸುರಿಯುವ ಹಣದ ಅಲ್ಪ ಭಾಗ ಖರ್ಚು ಮಾಡಿ ಲಾರಿಗಳ ವೇಬ್ರಿಡ್ಜ್ ಮೇಲೆ ದೋಣಿಯನ್ನು ಒಮ್ಮೆ ತೂಗಿಸಿದವರು ಕಡಿಮೆ. ಫೈಬರ್ ದೋಣಿಯ ನೆಲಹಾಸಿನ ಕೆಳಗೆ ತೇಲಲೆಂದು ತುಂಬಿರುವ ಫೋಮ್ ನಾಲ್ಕಾರು ಮಳೆಗಾಲ ಕಂಡ ಮೇಲೆ ನೀರು ಹೀರಿ ಒಣಗದೆ ಕೂತಿರುತ್ತದೆ. ಮುಂಬೈಯಂಥ ಮಳೆಯ ಊರಿನಲ್ಲಿ ತೆರೆದಿಟ್ಟ ದೋಣಿ ಹೀಗೆ ಒಬ್ಬಿಬ್ಬರು ಪ್ರಯಾಣಿಕರ ತೂಕವನ್ನು ಗುಟ್ಟಾಗಿ ಹೊತ್ತು ತಿರುಗುವುದು ಅಸಾಧ್ಯವೇನಲ್ಲ. ಕಟ್ಟಿದಾಗಿನ ತೂಕಕ್ಕೂ ಇಂದಿನ ತೂಕಕ್ಕೂ ಇರುವ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ, ತೂಗಿದರಷ್ಟೇ ತಿಳಿಯುತ್ತದೆ. ಉಳಿದ ಭಾರವನ್ನು ಮುಂದಕ್ಕೆ ಸರಿಸುವುದಕ್ಕಂತೂ ಕಾಸೂ ಬೇಡ. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಲಂಗರು ಎಲ್ಲವೂ ಎಂಜಿನ್ನಿನ ಪಕ್ಕದಲ್ಲೇ ಗುಂಪುಗೂಡಿರುವ ದೋಣಿ ಏಳದಿದ್ದರೆ ಅಚ್ಚರಿಯೇಕೆ?

ತಳದ ಸ್ಥಿತಿಯೂ ಇಷ್ಟೇ ನಿರ್ಣಾಯಕ. ಬೆಚ್ಚಗಿನ ಉಪ್ಪುನೀರಿನಲ್ಲಿ ಬಿಟ್ಟ ದೋಣಿಗೆ ಕೆಲವೇ ವಾರಗಳಲ್ಲಿ ಪಾಚಿ, ಚಿಪ್ಪುಜೀವಿಗಳು ಹತ್ತಿಕೊಳ್ಳುತ್ತವೆ. ತಳದ ಹಿಂದಿನ ಮೂರ್ನಾಲ್ಕು ಅಡಿ ಗೆರೆ ಎಳೆದಷ್ಟು ನೇರವಾಗಿರಬೇಕು. ದಡದಲ್ಲಿ ಎರಡೇ ಟೈರುಗಳ ಮೇಲೆ ವರ್ಷಗಟ್ಟಲೆ ಕೂರಿಸಿದ ದೋಣಿಯ ತಳ ಅಲ್ಲಲ್ಲಿ ಒಳಗೆ ತಗ್ಗುತ್ತದೆ, ತೇಪೆಯ ಮೇಲೆ ತೇಪೆ ಹಾಕಿದ ಕಡೆ ಹೊರಗೆ ಉಬ್ಬುತ್ತದೆ. ಉಬ್ಬಿದ ತಳ ಹಿಂಬದಿಯನ್ನು ಕೆಳಕ್ಕೆ ಹೀರಿ ಮೂತಿಯನ್ನು ಏಳಿಸುತ್ತದೆ. ಉದ್ದನೆಯ ನೇರ ಪಟ್ಟಿಯೊಂದನ್ನು ಹಿಡಿದು ನೋಡಿದರೆ ಸಾಕು, ದೋಷ ಸಿಕ್ಕಿಬೀಳುತ್ತದೆ.

ಇನ್ನು ಪ್ರೊಪೆಲ್ಲರ್. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಸೈದ್ಧಾಂತಿಕವಾಗಿ ಮುಂದೆ ಸಾಗುವ ದೂರ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿ, ಗೇರು ಅದನ್ನು ಅರ್ಧಕ್ಕಿಳಿಸಿದರೆ, 13 ಇಂಚಿನ ಪಿಚ್ ಲೆಕ್ಕದಲ್ಲಿ 26 ನಾಟ್ ಮೀರಿದ ವೇಗ ಕೊಡಬೇಕು. ನೀರಿನಲ್ಲಿ ಜಾರಿಹೋಗುವ ಪಾಲನ್ನು ಕಳೆದರೆ 22, 23 ಉಳಿಯುತ್ತದೆ. ಈ ಲೆಕ್ಕ ಖಾಲಿ ದೋಣಿಗೆ ಸರಿ. ತುಂಬಿದ ದೋಣಿಯನ್ನು ಅದೇ ಪ್ರೊಪೆಲ್ಲರಿನಲ್ಲಿ ಏಳಿಸುವುದು ಖಂಡಾಲಾ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಿದಂತೆ. ಎಂಜಿನ್ ತನ್ನ ಶಕ್ತಿ ಕೊಡುವ ಸುತ್ತುಗಳನ್ನೇ ಮುಟ್ಟುವುದಿಲ್ಲ. ಕೈಪಿಡಿಯಲ್ಲಿ ಪೂರ್ಣ ಥ್ರಾಟಲಿಗೆ 5000ದಿಂದ 6000 ಸುತ್ತು ಎಂದಿದ್ದು, ತುಂಬಿದ ದೋಣಿಯಲ್ಲಿ ಟ್ಯಾಕೋಮೀಟರ್ 4700ರಲ್ಲೇ ನಿಂತರೆ ರೋಗ ಪತ್ತೆಯಾಯಿತು. ಪಿಚ್ಚನ್ನು ಒಂದು ಇಂಚು ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ. ಎರಡು ಇಂಚು ಇಳಿಸಿದರೆ ಎಂಜಿನ್ 5000ದ ಮೇಲೆ ಬರುತ್ತದೆ. ಖಾಲಿ ದೋಣಿಯ ಗರಿಷ್ಠ ವೇಗದಲ್ಲಿ ಒಂದೆರಡು ನಾಟ್ ಕಳೆದುಕೊಳ್ಳಬೇಕಾದೀತು, ಖಾಲಿ ಓಟದಲ್ಲಿ ಸುತ್ತು 6000 ಮೀರದಂತೆ ಥ್ರಾಟಲ್ ಹಿಡಿಯಬೇಕಾದೀತು. ನಾಲ್ಕು ರೆಕ್ಕೆಯ ಪ್ರೊಪೆಲ್ಲರ್ ಬೇಗ ಎತ್ತುತ್ತದೆ, ಕಡಿಮೆ ವೇಗದಲ್ಲೂ ಹಿಡಿತ ಬಿಡುವುದಿಲ್ಲ. ಇಳಿತದಲ್ಲಿ ಕೆಸರು, ಕಲ್ಲು, ಪ್ಲಾಸ್ಟಿಕ್ ಎದುರಾಗುವ ಇಲ್ಲಿನ ಖಾರಿಗಳಲ್ಲಿ ಅಲ್ಯೂಮಿನಿಯಂ ರೆಕ್ಕೆಯ ತುದಿ ಬಾಗುವುದು ಮಾಮೂಲು. ಆ ಸಣ್ಣ ಬಾಗೂ ಶಕ್ತಿ ಕಸಿಯುತ್ತದೆ. ಸರಿಯಾದ ಪ್ರೊಪೆಲ್ಲರಿನ ಬೆಲೆ ಹೊಸ ಎಂಜಿನ್ನಿನ ಬೆಲೆಯ ಸಣ್ಣ ಪಾಲು.

ಎಂಜಿನ್ ಕಟ್ಟುವ ಎತ್ತರ, ಓರೆ ಎರಡೂ ಗಮನ ಬೇಡುತ್ತವೆ. ಪ್ರೊಪೆಲ್ಲರಿನ ಮೇಲಿನ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ, ಹೆಚ್ಚೆಂದರೆ ಒಂದಿಂಚು ಮೇಲೆ ಇರಬೇಕು. 15 ಇಂಚು ಎತ್ತರದ ಹಿಂಗೋಡೆಗೆ 20 ಇಂಚಿನ ಶಾಫ್ಟಿನ ಎಂಜಿನ್ ಕಟ್ಟಿದರೆ ಐದಿಂಚು ಲೋಹ ಸುಮ್ಮನೆ ನೀರಿನಲ್ಲಿ ಎಳೆದಾಡುತ್ತದೆ. ಅತಿ ಮೇಲಾದರೆ ಪ್ರೊಪೆಲ್ಲರ್ ಗಾಳಿ ನುಂಗಿ ಅರಚುತ್ತದೆ, ದೋಣಿ ಮುಂದೆ ಸಾಗುವುದಿಲ್ಲ. ಹೊರಡುವಾಗ ಎಂಜಿನ್ನನ್ನು ಪೂರ್ತಿ ಒಳಗೆ ವಾಲಿಸಿ, ಎದ್ದ ಮೇಲೆ ಸ್ವಲ್ಪ ಹೊರಗೆ ಬಿಡುವುದು ಸರಿಯಾದ ಕ್ರಮ. ಪಿನ್ ಹಾಕಿ ಓರೆ ಹೊಂದಿಸುವ ಸಣ್ಣ ಎಂಜಿನ್ನುಗಳಲ್ಲಿ ಅಂಗಡಿಯವರು ಹಾಕಿಕೊಟ್ಟ ತೂತಿನಲ್ಲೇ ಪಿನ್ ವರ್ಷಾನುಗಟ್ಟಲೆ ಉಳಿದಿರುತ್ತದೆ.

ಈಗ ಜನಪ್ರಿಯವಾಗಿರುವ ಪ್ಲಾಸ್ಟಿಕ್ ರೆಕ್ಕೆಯ ಬಗ್ಗೆ ಒಂದು ಮಾತು. ಅಡ್ಡ ತಟ್ಟೆಗೆ ಬಿಗಿಯುವ ಈ ಹೈಡ್ರೋಫಾಯಿಲ್ ಹಿಂಬದಿಯನ್ನು ನಿಜಕ್ಕೂ ಎತ್ತುತ್ತದೆ, ಕಡಿಮೆ ವೇಗದಲ್ಲಿ ದೋಣಿಯನ್ನು ಎದ್ದೇ ಇರಿಸುತ್ತದೆ. ಆದರೆ ಅದು ನೀರು ಕುಡಿದ ಫೋಮನ್ನೂ ತಪ್ಪು ಪ್ರೊಪೆಲ್ಲರನ್ನೂ ಮುಚ್ಚಿಡುತ್ತದೆ. ಉಳಿದದ್ದೆಲ್ಲ ಸರಿಪಡಿಸಿದ ಮೇಲೂ ಕೊರತೆಯಿದ್ದರೆ ಹಾಕಲಿ. ಮೊದಲ ಮದ್ದಾಗಿ ಅದನ್ನು ಒಪ್ಪಲಾರೆ.

ಎಲ್ಲ ದೋಣಿಗಳೂ ಏಳಲೇಬೇಕು ಎಂಬ ಹಟವನ್ನೂ ಒಪ್ಪಲಾರೆ. ಮುಂಬೈಯ ಮೊಗವೀರ ಕುಟುಂಬಗಳಿಗೆ ಊರಿನ ನಾಡದೋಣಿ ಗೊತ್ತು. ಮಲ್ಪೆಯ ಆಸುಪಾಸಿನಲ್ಲಿ ಸೀಮೆಎಣ್ಣೆ ಔಟ್‌ಬೋರ್ಡ್ ಕಟ್ಟಿಕೊಂಡು ಬಲೆ, ಮೀನು, ಜನ ಎಲ್ಲವನ್ನೂ ಹೊತ್ತು ಬರುವ ಆ ದೋಣಿಗೆ ಬೇಕಾದದ್ದು ತಳ್ಳುವ ಬಲ. ಅಗಲ ರೆಕ್ಕೆಯ, ಕಡಿಮೆ ಪಿಚ್ಚಿನ ಪ್ರೊಪೆಲ್ಲರ್ ಅದಕ್ಕೆ ತಕ್ಕದ್ದು. ಬಲೆ ಎಳೆಯುವ ಕೋಳಿ ಮೀನುಗಾರರ ಸಣ್ಣ ದೋಣಿಯ ಮಾತೂ ಹಾಗೆಯೇ. ಅಂಥ ದೋಣಿಗೆ ಅಶ್ವಶಕ್ತಿ ತುಂಬಿಸಿ ಏಳಿಸಲು ಹೊರಡುವುದು ಎಣ್ಣೆ ಸುಡುವ ದಾರಿ. ಏಳಬೇಕಾದ ದೋಣಿಗಳಲ್ಲೂ ತಳದ ಆಕಾರಕ್ಕೆ ತಕ್ಕ ಗುಣವಿದೆ: ಚಪ್ಪಟೆ ತಳದ ದೋಣಿ ಬೇಗ ಏಳುತ್ತದೆ, ಆದರೆ ಮಧ್ಯಾಹ್ನದ ಗಾಳಿಗೆ ಬಂದರಿನ ನೀರು ಕದಡಿದಾಗ ಬೆನ್ನು ಮುರಿಯುವಷ್ಟು ಕುಕ್ಕುತ್ತದೆ. ಆಳವಾದ ವಿ ಆಕಾರದ ತಳ ಮೆತ್ತಗೆ ಸಾಗುತ್ತದೆ, ಏಳಲು ಹೆಚ್ಚು ಶಕ್ತಿ ಕೇಳುತ್ತದೆ. ಯಾವ ಕೆಲಸಕ್ಕೆ ಎಂಬ ಪ್ರಶ್ನೆ ಎಂಜಿನ್ನಿಗಿಂತ ಮೊದಲು ಬರಬೇಕು.

ಮಾಡಿದ ಬದಲಾವಣೆಯನ್ನು ಪರೀಕ್ಷಿಸುವ ಕ್ರಮದ ಬಗ್ಗೆಯೂ ಕಟುವಾಗಿ ಹೇಳಬೇಕಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ಭಾರ, ನಿಂತಲ್ಲಿಂದ ಏಳುವವರೆಗಿನ ಸೆಕೆಂಡುಗಳ ಲೆಕ್ಕ, ಪೂರ್ಣ ಥ್ರಾಟಲಿನ ಸುತ್ತು ಇವಿಷ್ಟನ್ನೂ ಬರೆದಿಡಬೇಕು. ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರದಲ್ಲಿ ಇಲ್ಲಿ ನೀರು ನಾಲ್ಕು ಮೀಟರಿಗಿಂತ ಹೆಚ್ಚು ಏರಿಳಿಯುವುದರಿಂದ ಸೆಳೆತ ಜೋರು. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯದ ವೇಗಕ್ಕೆ ಬೆಲೆಯಿಲ್ಲ. ಲಾಂಚುಗಳ ದಾರಿಯಿಂದ ದೂರದಲ್ಲೇ ಓಡಿಸಬೇಕು. 2024ರ ಡಿಸೆಂಬರ್ 18ರಂದು ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿಯೊಂದು ನಿಯಂತ್ರಣ ತಪ್ಪಿ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲ್ ಕಮಲ್’ ಲಾಂಚಿಗೆ ಬಡಿದು 15 ಜನ ಸತ್ತರು. ತರಬೇತಾದ ಪಡೆಯ ಕೈಯಲ್ಲೇ ಹೀಗಾದರೆ ರವಿವಾರದ ಹವ್ಯಾಸಿಗೆ ವಿನಾಯಿತಿ ಎಲ್ಲಿದೆ?

ಹಾಗಾಗಿ ನನ್ನ ತೀರ್ಪು ಇದು. ತೂಗು, ಒಣಗಿಸು, ಭಾರ ಮುಂದೆ ಸರಿಸು, ತಳ ನೇರ ಮಾಡು, ಎಂಜಿನ್ನಿನ ಎತ್ತರ ಮತ್ತು ಓರೆ ಹೊಂದಿಸು, ಸುತ್ತು ನೋಡಿ ಪ್ರೊಪೆಲ್ಲರ್ ಬದಲಿಸು. ಇಷ್ಟಾದ ಮೇಲೂ ಏಳದ ದೋಣಿಗೆ ಮಾತ್ರ, ಕಟ್ಟಿದವರು ಹೇಳಿದ ಮಿತಿಯೊಳಗೆ, ದೊಡ್ಡ ಎಂಜಿನ್ನಿನ ಯೋಚನೆ ಬರಲಿ. ಎಂಜಿನ್ ಮಾರುವವರು ಒಟ್ಟು ತೂಕ ಕೇಳದೆ ಪ್ರೊಪೆಲ್ಲರ್ ಕೊಡಬಾರದು. ಬಾಡಿಗೆಗೆ ಓಡುವ ಸಣ್ಣ ದೋಣಿಗಳ ಪರವಾನಗಿ ತಪಾಸಣೆಯಲ್ಲಿ ತೂಕವನ್ನೂ ತುಂಬಿದ ಭಾರದಲ್ಲಿ ಏಳುವ ಹೊತ್ತನ್ನೂ ದಾಖಲಿಸಬೇಕು. ಜೀವರಕ್ಷಕ ಜಾಕೆಟ್ಟುಗಳನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಇದನ್ನು ಅಳೆದರೆ, ಎದುರೇ ಕಾಣದೆ ಬಂದರು ದಾಟುವ ದೋಣಿಗಳು ಕಡಿಮೆಯಾಗುತ್ತವೆ.